ಎಡವಟ್ಟು

“ಈ ಬಾಲ ಬಲಕ್ಕಿರಬೇಕಿತ್ತು!” ಗುಂಡುಗಳಿಗೆ ಕಡ್ಡಿ ಸಿಕ್ಕಿಸಿ ಮಾಡಿದ್ದ ಔಷಧದ ಅಣುವಿನ ಮಾದರಿಯನ್ನೆತ್ತಿ ಮೇಷ್ಟ್ರು ಗದರಿದರು. “ಇದನ್ನ ನೋಡ್ಕೊಂಡೇ ಔಷಧ ಮಾಡಿದ್ಯಾ? ನೀನು ಎಡಚಿ, ನಿನ್ನ ಕೆಲಸ ಎಡವಟ್ಟು!”

ಪ್ರಯೋಗಾಲಯಕ್ಕೆಲ್ಲ ಎಡಚಿಯೆಂದೇ ಆಗಿಹೋಗಿದ್ದ ಹುಡುಗಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕ್ಯಾನ್ಸರ್ ಕೋಶ ಒಡೆದು ಎರಡಾಗಬೇಕಾದರೆ ಅದರೊಳಗಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತ ಕಳಚಿಕೊಳ್ಳುತ್ತ ಇರಬೇಕು. ಅವನ್ನು ಕಳಚದಂತೆ ಹಿಡಿದಿಡುವುದೇ ಔಷಧದ ಕೆಲಸ. ಬಲಕ್ಕೆ ಬಾಲವಿದ್ದ ಹನ್ನೊಂದು ಔಷಧಗಳು ಕೊಳವೆಯ ಮೇಲೆ ಹಿಡಿತ ಸಿಗದೆ ಜಾರಿದ್ದವು. ಕೋಶಗಳು ಕ್ಯಾರೇ ಅನ್ನದೆ ಹೆಚ್ಚಿದ್ದವು. ಹನ್ನೆರಡನೆಯದೂ ಸೋತರೆ ಆರು ವರ್ಷದ ಕೆಲಸಕ್ಕೆ ಬೀಗ. ಅದರ ಮಾದರಿಗೇ ಅವಳ ಎಡಗೈ ರೂಢಿಬಲದಿಂದ ಬಾಲವನ್ನು ಎಡಕ್ಕೆ ಸಿಕ್ಕಿಸಿಬಿಟ್ಟಿತ್ತು.

“ಸರ್, ಆಮೇಲೆ ಬೈಯಿರಿ. ಮೊದಲು ಇಲ್ಲಿ ಬಗ್ಗಿ ನೋಡಿ.”

ಮೇಷ್ಟ್ರು ಬಗ್ಗಿದರು. ನಿನ್ನೆ ಆ ಔಷಧ ಹಾಕಿದ್ದ ಕೋಶಗಳಲ್ಲಿ ಕೊಳವೆಗಳು ಹಸಿರಾಗಿ ಹೊಳೆಯುತ್ತ, ಸೌದೆಹೊರೆಯ ಹಾಗೆ ಬಿಗಿದುಕೊಂಡು ನಿಂತಿದ್ದವು. ಎಷ್ಟು ಹುಡುಕಿದರೂ ಎರಡಾದ ಕೋಶ ಒಂದೂ ಕಾಣಲಿಲ್ಲ.

“ಕಚ್ಚಿ ಹಿಡ್ಕೊಂಡಿದೆ ಕಣಮ್ಮಾ! ಬಿಡ್ತಾನೇ ಇಲ್ಲ!” ಮೇಷ್ಟ್ರ ಕೂಗಿಗೆ ಪಕ್ಕದ ಕೋಣೆಯವರೆಲ್ಲ ಓಡಿಬಂದರು. “ಇದಕ್ಕೇನು ಹೆಸರಿಡೋಣ, ಹೇಳು.”

“ನೀವೇ ಇಟ್ಟಾಯ್ತಲ್ಲ ಸರ್. ಎಡವಟ್ಟು.”

ಮೇಷ್ಟ್ರು ನಗುತ್ತ ಪೆನ್ನೆತ್ತಿಕೊಂಡರು. ಒಂದು ಗಳಿಗೆ ತಡೆದು, ಅದನ್ನು ಎಡಗೈಗೆ ದಾಟಿಸಿ, ಸೀಸೆಯ ಮೇಲೆ ಬರೆದರು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು.

“ಸರ್... ನೀವೂನಾ?”