ದಣಿಯದ ಬೆರಳು

ಹೊಸ ಕಮಾಂಡುಗಳು ಬಂದ ಮೇಲೆ ಕಂಪ್ಯೂಟರು ಮೊದಲು ಟೈಪ್ ಮಾಡುವವರ ದಣಿವನ್ನು ಅಳೆದು, ಆಮೇಲಷ್ಟೇ ಹೇಳಿದ ಮಾತು ಕೇಳುತ್ತಿತ್ತು. ಹಳೆಯ ಕಮಾಂಡುಗಳನ್ನು ಮೇಲಿನವರು ಅಳಿಸಿಹಾಕಿದ್ದರು. ಊರಿನ ನೀರು ಸರಬರಾಜು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ನೀಲಾಂಬಿಕಾ ಆ ಬೆಳಿಗ್ಗೆ, ನಿಂತುಹೋದ ಪಂಪುಗಳನ್ನು ಚಾಲೂ ಮಾಡಲು ಕೂತಳು. ‘ನೀವು ದಣಿದಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಪರದೆ ಎಂದಿನ ವಿನಯದಿಂದಲೇ ಹೇಳಿತು.

ಹೆರಿಗೆ ಆಸ್ಪತ್ರೆಯಿಂದ ಮತ್ತೆ ಫೋನು ಬಂತು. ಅಲ್ಲಿ ಟ್ಯಾಂಕಿನ ತಳ ಕಾಣುತ್ತಿತ್ತು.

“ಖಾದರಣ್ಣ, ನೀವೊಮ್ಮೆ ಒತ್ತಿ ನೋಡ್ರಿ” ಎಂದು ಆಕೆ ಪಂಪ್ ಆಪರೇಟರನ್ನು ಕರೆದಳು. ಅವನೂ ದಣಿದಿದ್ದ. ಕಸ ಗುಡಿಸುವ ಯಲ್ಲವ್ವನಿಗಂತೂ ಪರದೆ ಎರಡು ದಿನ ರಜೆ ಹಾಕಲು ಹೇಳಿತು.

“ರಜಾ ಕೊಡೋರು ಯಾರಂತ ಅದನ್ನ ಕೇಳ್ರೀ” ಎಂದಳು ಯಲ್ಲವ್ವ.

ಕೊನೆಗೆ ಮಹಡಿಯಿಂದ ಕಚೇರಿಯ ಮುಖ್ಯಸ್ಥ ಹೊಸಮನಿ ಸಾಹೇಬರನ್ನು ಕರೆತಂದರು. ಅವರಿಗೆ ಕೀಲಿಮಣೆಯಲ್ಲಿ ಅಕ್ಷರಗಳೇ ಸಿಗಲಿಲ್ಲ. ನೀಲಾಂಬಿಕಾ ಪಕ್ಕದಲ್ಲಿ ನಿಂತು ಒಂದೊಂದಾಗಿ ತೋರಿಸಿದಳು, ಅವರು ತೋರುಬೆರಳಿನಿಂದ ಒಂದೊಂದಾಗಿ ಒತ್ತಿದರು. ಪರದೆ ತುಟಿ ಪಿಟಕ್ಕೆನ್ನಲಿಲ್ಲ. ಪಂಪುಗಳು ಗುಂಯ್ ಎಂದವು.

“ಎಷ್ಟ್ ಸರಳ ಐತಿ ನೋಡ್ರೀ! ನೀವು ಸುಮ್ನ ಗಾಬರಿ ಆಗ್ತೀರಿ” ಎಂದರು ಸಾಹೇಬರು.

“ಹಂಗಾರ ನಾಳೆಯಿಂದ ನೀವೇ ಬರ್ರಿ ಸರ್” ಎಂದಳು ನೀಲಾಂಬಿಕಾ.

ಸಾಹೇಬರು ನಕ್ಕರು. ನೀಲಾಂಬಿಕಾ ನಗಲಿಲ್ಲ. ನೀರು ಬರುತ್ತದೆಂದು ಆಸ್ಪತ್ರೆಗೆ ತಿಳಿಸಿ, ಬ್ಯಾಗು ಹೆಗಲಿಗೇರಿಸಿಕೊಂಡು, ನೌಕರಿಗೆ ಸೇರಿದ ಮೇಲೆ ಮೊದಲ ಸಲ ಹಾಡಹಗಲಲ್ಲೇ ಮನೆಗೆ ಹೊರಟಳು.