ಹನ್ನೊಂದನೇ ಬೇಸಿನ್ನು

“ಆ ಹುಡುಗಿಯ ತೋಳು ಹಿಡಿದು ಹಚ್ಚೆ ಹಾಕಿದರು” ಎಂದು ವೆಂಕಟರತ್ನಮ್ಮ ಓದಿದ ಕೂಡಲೇ ಕೊಂಡಮ್ಮನ ಮುಖ ಅರಳಿತು. “ಸದ್ಯ, ಹೆಸರಾದ್ರೂ ಹಾಕಿದ್ರಲ್ಲ. ನೋವು ಮರೆಯೋಕೆ ಹಾಡು ಹೇಳಿದ್ರಂತಾ?”

ಶಿಡ್ಲಘಟ್ಟದ ರೇಷ್ಮೆ ಕಾರ್ಖಾನೆಯಲ್ಲಿ ಊಟದ ಬಿಡುವು. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಮಿಡ್ಲ್ ಸ್ಕೂಲು ಮುಗಿಸಿದವಳು ವೆಂಕಟರತ್ನಮ್ಮ ಒಬ್ಬಳೇ. ಲೈಬ್ರರಿಯಿಂದ ತಂದ ಕಾದಂಬರಿಯನ್ನು ದಿನಕ್ಕೆ ಹತ್ತು ಪುಟದಂತೆ ಓದಿ ಹೇಳುತ್ತಿದ್ದಳು. ಜರ್ಮನರು ಸೆರೆಶಿಬಿರಕ್ಕೆ ತಳ್ಳಿದ ಯಹೂದಿ ಹುಡುಗಿಯೊಬ್ಬಳ ಕತೆ.

“ಹಾಕಿದ್ದು ಹೆಸರಲ್ಲ ಕಣಕ್ಕಾ, ನಂಬರು. ಆಮೇಲೆ ಆ ನಂಬರು ಹಿಡಿದೇ ಕೂಗ್ತಿದ್ರು.”

“ಅಯ್ಯೋ ದೇವುಡಾ.” ಕೊಂಡಮ್ಮ ಕೈಯಲ್ಲಿದ್ದ ಮುದ್ದೆಯನ್ನು ಬುತ್ತಿಗೇ ಹಾಕಿದಳು. “ಇದು ಕತೆನೋ, ನಿಜವೋ?”

“ಕತೆನೇ. ಬದುಕಿ ಬಂದೋರು ಹೇಳಿದ್ದು ಕೇಳಿ ಬರೆದಿದ್ದಂತೆ.”

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಸ್ತ್ರಿ ವೆಂಕಟರಾಯಪ್ಪ ಬಾಗಿಲಲ್ಲಿ ನಿಂತು ಎಂದಿನಂತೆ ಕೂಗಿದ. ಮೇಸ್ತ್ರಿಗಿರಿ ಎಂದರೆ ಗಂಟಲು ಎಂದೇ ತಿಳಿದಿದ್ದ ಮನುಷ್ಯ. “ಏಯ್ ಹನ್ನೊಂದು, ನೀರು ಕುದೀತೈತೆ, ಎದ್ದೇಳು.”

ಏಳು ವರ್ಷದಿಂದ ಆ ಕೂಗಿಗೆ ಎದ್ದು ಓಡುತ್ತಿದ್ದ ಕೊಂಡಮ್ಮ ಇವತ್ತು ಅಲುಗಾಡಲಿಲ್ಲ. “ಹನ್ನೊಂದು ನಾನಲ್ಲ, ಬೇಸಿನ್ನು. ಒಲೆ ಮೇಲೈತೆ, ಅದುನ್ನೇ ಕೂಗಿ.”

“ಕೆಲ್ಸ ಬೇಕಾ, ಬ್ಯಾಡ್ವಾ?”

“ಬೇಕು. ಹೆಸರೂ ಬೇಕು.”

ವೆಂಕಟರತ್ನಮ್ಮ ಹೆದರಿ ಅವಳ ಸೆರಗು ಜಗ್ಗಿದಳು. “ಸುಮ್ನಿರಕ್ಕಾ. ಆ ಹುಡ್ಗಿ ಕಷ್ಟವೆಲ್ಲಿ, ನಮ್ದೆಲ್ಲಿ?”

“ಗೊತ್ತು ಕಣೇ. ಅಂಥದ್ದು ಶತ್ರುಗೂ ಬ್ಯಾಡ. ಅದುಕ್ಕೇ ಈಗ್ಲೇ ಹೇಳ್ತಿರೋದು.”

ಕೊಂಡಮ್ಮ ಎದ್ದು ಹೋಗಿ ಮೇಸ್ತ್ರಿಯ ಮೂಗಿನ ಮುಂದೆ ಎಡಗೈ ಚಾಚಿದಳು. ಕೂಸಾಗಿದ್ದಾಗ ಮಗಳು ಎಲ್ಲಾದರೂ ತಪ್ಪಿಸಿಕೊಂಡರೆ ಗುರುತಿಗೆ ಇರಲಿ ಎಂದು ತಾಯಿ ಹಾಕಿಸಿದ್ದ ಹಸಿರು ಹಚ್ಚೆ ಅಲ್ಲಿತ್ತು, ಮೂರು ಅಕ್ಷರ. “ಓದಿ, ಮೇಸ್ತ್ರಿ.”

ವೆಂಕಟರಾಯಪ್ಪ ನೋಡಿದ. ಮತ್ತೆ ನೋಡಿದ. ಕತ್ತು ಅತ್ತಿತ್ತ ವಾಲಿಸಿದ. ಮೇಸ್ತ್ರಿಗೆ ಅಂಕಿ ಮಾತ್ರ ಬರುತ್ತದೆ, ಅಕ್ಷರ ಬರುವುದಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

“ನಂಗೂ ಓದೋಕೆ ಬರಲ್ಲ” ಎಂದಳು ಅವಳು, ಕೈ ಹಿಂದೆಗೆಯದೆ. “ನಮ್ಮಮ್ಮ ಹೇಳ್ಕೊಟ್ಟಿದ್ದು. ನೀವೂ ಕಲ್ತ್ಕಳಿ. ಕೊಂಡಮ್ಮ.”