ತಂಗಿ ಹಾಕಿದ ಕೀಲಿ

"ಕಂಪನಿ ಹಾಕಿರೋ ಕೀಲಿ ಅಳಿಸಿಬಿಡ್ಲಾ ಅಣ್ಣಾ? ಎಡವಟ್ಟಾದ್ರೆ ಕಂಪ್ಯೂಟರ್ ಏಳೋದೇ ಇಲ್ಲ," ಎಂದಳು ತಂಗಿ. ಕಣ್ಣು ಕಾಣದ ಅಣ್ಣನಿಗಾಗಿ, ಪರದೆಯನ್ನು ಓದಿ ಹೇಳುವ ವ್ಯವಸ್ಥೆಯನ್ನು ಅವಳೇ ಬರೆದಿದ್ದಳು. ಆದರೆ ಕಂಪನಿಯ ಡಿಜಿಟಲ್ ಕೀಲಿಗೆ ಹೊಂದುವ ಸಹಿಯಿದ್ದ ತಂತ್ರಾಂಶವನ್ನಷ್ಟೇ ಶುರುಮಾಡುತ್ತಿದ್ದ ಕಂಪ್ಯೂಟರ್, ಗುರುತಿಲ್ಲದ ಸಹಿಯೆಂದು ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

"ಅಳಿಸೇ, ನೋಡೇಬಿಡೋಣ!"

ಸೆಟ್ಟಿಂಗ್ಸ್‌ನಲ್ಲಿ ಹಳೆಯ ಕೀಲಿ ಅಳಿಸಿ, ಪೆನ್‌ಡ್ರೈವ್‌ನಿಂದ ತನ್ನ ಕೀಲಿ ಸೇರಿಸಿ, ಎಂಟರ್ ಒತ್ತಿದಳು. ಪರದೆ ಕಪ್ಪಾಯಿತು. "ಹೋಯ್ತಣ್ಣಾ, ಎಲ್ಲಾ ಕಪ್ಪಾಯ್ತು!" ಎಂದಳು. ಅಣ್ಣ ಮಾತ್ರ ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈಯಿಟ್ಟು, "ಶ್! ಫ್ಯಾನ್ ತಿರುಗ್ತಿದೆ," ಎಂದ.

ಥಟ್ಟನೆ ಸ್ಪೀಕರಿನಿಂದ, ಮೊದಲೇ ಧ್ವನಿಮುದ್ರಿಸಿಟ್ಟಿದ್ದ ತಂಗಿಯದೇ ದನಿ ಬಂತು: "ನಿಮ್ಮ ಹೊಸ ಪಾಸ್‌ವರ್ಡ್ ಬರೆಯಿರಿ." ಇದುವರೆಗೆ ಅವನ ಪತ್ರಗಳನ್ನೆಲ್ಲ ಓದಿ ಹೇಳುತ್ತಿದ್ದವಳು ಅವಳೇ. ಅಣ್ಣ ಹಿಗ್ಗಿನಿಂದ ಅವಳನ್ನು ಕುರ್ಚಿಯಿಂದ ಎಬ್ಬಿಸಿದ. "ಆಚೆ ತಿರುಗಿ ನಿಂತ್ಕೊಳ್ಳೇ! ನನ್ನ ಪಾಸ್‌ವರ್ಡ್ ನೀನು ನೋಡೋ ಹಾಗಿಲ್ಲ!"

ಕಣ್ಣೊರೆಸಿಕೊಂಡು ನಗುತ್ತಾ, ತಂಗಿ ಗೋಡೆಗೆ ಮುಖ ಮಾಡಿ ನಿಂತಳು.